ಹೊಳೆಯಾಚೆ ಯಾರಿದ್ದಾರೆ ಕೇಳು

ಮೂರು ವಾರದ ಹಿಂದಿನ ಮಾತು. ವಾಡಿಯಿಂದ ನನ್ನ ತಮ್ಮನ ಮಗಳು ಬಂದಿದ್ದಳು. ಸೇಡಮಿನ ನಮ್ಮ ಮನೆಯ ಪಡಸಾಲೆಯಲ್ಲಿ ಶಹಾಬಾದ ಫರ್ಸಿ ಎಂಥ ಬಿಸಿಲಿಗೂ ತಂಪು. ಅದರ ಮೇಲೆ ಕಾಲು ಚಾಚಿ ಕೂತು, "ಅತ್ತಿ, ಬರೋ ತಿಂಗಳು ದುಬೈಗೆ ಹೊಂಟೀನಿ. ಅವರು ಟಿಕೆಟ್ ನೋಡ್ಲಾಕತ್ತಾರ. ಬಸುರಿ ವಿಮಾನ ಹತ್ತಿದ್ರ ನಡೀತದೇನು?" ಅಂದಳು.

"ಎಷ್ಟು ವಾರ ಆದವು ಯವ್ವಾ?"

"ವಾರದ ಲೆಕ್ಕ ಯಾರಿಗೆ ಗೊತ್ತತ್ತಿ? ಐದರಾಗ ಬಿದ್ದದ."

ಸೇಡಂ, ಚಿತ್ತಾಪುರ ತಾಲೂಕುಗಳ ಉಪಕೇಂದ್ರಗಳಲ್ಲಿ ಮೂವತ್ತಮೂರು ವರ್ಷ ನರ್ಸಮ್ಮ ಆಗಿದ್ದವಳು ನಾನು. ಈ ಉತ್ತರವನ್ನು ಸಾವಿರ ಸಲ ಕೇಳಿದ್ದೇನೆ. ನಮ್ಮ ಮನೆಗಳಲ್ಲಿ ಬಸಿರನ್ನು ಅಮಾಸಿಯಿಂದ ಅಮಾಸಿಗೆ ಎಣಿಸುತ್ತೇವೆ. ದವಾಖಾನೆಯವರು, ವಿಮಾನದವರು ವಾರದಿಂದ ವಾರಕ್ಕೆ ಎಣಿಸುತ್ತಾರೆ. ಹಳ್ಳಿಯಲ್ಲೇ ಹೆರುವವಳಿಗೆ ಈ ಎರಡು ಲೆಕ್ಕದ ನಡುವಿನ ಅಂತರದಿಂದ ದೊಡ್ಡ ತೊಂದರೆ ಆಗದೇ ಇರಬಹುದು. ಸಮುದ್ರ ದಾಟುವವಳಿಗೆ ಆಗುತ್ತದೆ.

ಮೊಮ್ಮಗನ ಪಾಟಿಚೀಲದಿಂದ ಸೀಮೆಸುಣ್ಣ ತಂದು ಫರ್ಸಿಯ ಮೇಲೆ ನಲವತ್ತು ಗೆರೆ ಎಳೆದೆ. ಕಡೇ ಸಲ ಹೊರಗಾದ ಮೊದಲ ದಿನ ಯಾವುದು ಅಂತ ಕೇಳಿ ಅಲ್ಲಿಂದ ಎಣಿಸಿದೆ. 280 ದಿನ, 40 ವಾರ. ಅವಳು ಹದಿನೆಂಟನೆಯ ಗೆರೆಯ ಮೇಲಿದ್ದಳು. 14, 28, 32, 36 ಈ ನಾಲ್ಕು ಗೆರೆಗಳ ಮೇಲೆ ಅರಿಷಿಣದ ಬೊಟ್ಟು ಇಟ್ಟೆ. "ಇವು ನಾಲ್ಕು ನೆನಪಿಟ್ಟುಕೋ, ಉಳಿದದ್ದು ಆಮೇಲೆ ಹೇಳ್ತೀನಿ" ಅಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೇನೆ. ಶಹಾಬಾದ, ಚಿಂಚೋಳಿ, ಚಿತ್ತಾಪುರದ ಎಷ್ಟೋ ಮನೆಗಳ ಹುಡುಗಿಯರು ಈಗ ದುಬೈ, ದಮ್ಮಾಮ್, ಡಲ್ಲಾಸ್ ಅನ್ನುತ್ತಿದ್ದಾರೆ. ಅವರ ಅವ್ವಂದಿರಿಗೂ ಈ ಮಾತು ತಲುಪಬೇಕು.

ಬಸುರಿ ವಿಮಾನ ಹತ್ತಬಹುದೇ ಅಂದರೆ, ಮೈಯಲ್ಲಿ ಬೇರೆ ತೊಂದರೆ ಇಲ್ಲದಿದ್ದರೆ ಧಾರಾಳವಾಗಿ ಹತ್ತಬಹುದು. ಕೊರೋನಾ ಕಾಲದಲ್ಲಿ, 2020ರ ಮೇ 12ರಂದು ದುಬೈಯಲ್ಲಿ ಸಿಕ್ಕಿಕೊಂಡವರನ್ನು ಮಂಗಳೂರಿಗೆ ಕರೆತಂದ ಮೊದಲ ವಂದೇ ಭಾರತ್ ವಿಮಾನದಲ್ಲಿ 38 ಮಂದಿ ಗರ್ಭಿಣಿಯರಿದ್ದರು. ಎಲ್ಲರಿಗಿಂತ ಮುಂಚೆ ಅವರಿಗೆ ಸೀಟು ಕೊಟ್ಟು ಕರೆತಂದರು. ಹಾರುವುದರಿಂದ ಕೂಸು ಬೀಳುವುದಿಲ್ಲ. ವಿಮಾನ ನಿಲ್ದಾಣದ ತಪಾಸಣೆಯ ಬಾಗಿಲು ದಾಟಿದರೆ ಹೊಟ್ಟೆಗೆ ಏನೂ ಆಗುವುದಿಲ್ಲ, ಎಕ್ಸ್‌ರೇ ಇರುವುದು ಚೀಲಗಳಿಗೆ. ಅಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ಪರದೆಯ ಹಿಂದೆ ಹೆಣ್ಣುಮಕ್ಕಳಿಂದಲೇ ಕೈಯಿಂದ ತಪಾಸಣೆ ಮಾಡಿಸಿರಿ ಅಂತ ಕೇಳು, ಮಾಡುತ್ತಾರೆ.

ಆದರೆ ನಮ್ಮ ಕಡೆ ಒಂದು ಹಳೆಯ ಮಾತಿದೆ, ಬಸುರಿ ಹೊಳಿ ದಾಟಬಾರದು ಅಂತ. ನೌಕರಿಗೆ ಸೇರಿದ ಹೊಸದರಲ್ಲಿ ನಾನು ಇದನ್ನು ಮೂಢನಂಬಿಕೆ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಒಂದು ಮಳೆಗಾಲ ಮಳಖೇಡದ ಹತ್ತಿರ ಕಾಗಿಣಾ ಸೇತುವೆಯ ಮೇಲೆ ಹರಿಯಿತು. ಸೇಡಂ-ಕಲಬುರಗಿ ಹಾದಿ ಬಂದ್. ಈ ದಡದಲ್ಲಿ ನೋವು ತಿನ್ನುತ್ತಿರುವ ಹೆಂಗಸು, ಆ ದಡದಲ್ಲಿ ದೊಡ್ಡ ದವಾಖಾನೆ, ನಡುವೆ ಕೆಂಪು ನೀರು. ಅವತ್ತು ರಾತ್ರಿ ಲಾಟೀನು ಹಿಡಿದು ಅವಳ ಪಕ್ಕ ಕೂತಾಗ ಆ ಮಾತಿನ ಒಳಗಿನ ತಿಳಿವಳಿಕೆ ಹೊಳೆಯಿತು. ನಮ್ಮ ಹಿರಿಯರು ನೀರಿಗೆ ಹೆದರಿದವರಲ್ಲ. ಹೊಳೆಯಾಚೆ ಸೂಲಗಿತ್ತಿ ಇದ್ದಾಳೋ ಇಲ್ಲವೋ, ಹೊತ್ತಿಗೆ ಹಿಂದಿರುಗಲು ದಾರಿ ಇದೆಯೋ ಇಲ್ಲವೋ ಅನ್ನುವುದೇ ಅವರ ಚಿಂತೆ. ವಿಮಾನವೂ ಒಂದು ಹೊಳೆಯೇ. ಹತ್ತಿದ ಮೇಲೆ ನಾಲ್ಕು ತಾಸೋ ಹದಿನಾಲ್ಕು ತಾಸೋ ದಡ ಸಿಗುವುದಿಲ್ಲ. ಆದ್ದರಿಂದ ಟಿಕೆಟ್ ದರ ಕೇಳುವ ಮೊದಲು ಆಚೆ ದಡದಲ್ಲಿ ನಿನ್ನನ್ನು ನೋಡಿಕೊಳ್ಳುವವರು ಯಾರು ಅಂತ ಕೇಳು.

ಈಗ ಆ ನಾಲ್ಕು ಬೊಟ್ಟಿನ ವಿಷಯ. 14ಕ್ಕಿಂತ ಮುಂಚೆ ವಾಂತಿ, ತಲೆಸುತ್ತು ಇರುತ್ತವೆ, ಗರ್ಭ ನಿಲ್ಲುವುದೋ ಇಲ್ಲವೋ ಅನ್ನುವ ಕಾಲವೂ ಅದೇ. ಆ ದಿನಗಳಲ್ಲಿ ಹೋಗಲೇಬೇಕಾದರೆ ಒಂದು ಸ್ಕ್ಯಾನ್ ಮಾಡಿಸಿ ಗರ್ಭ ಚೀಲದೊಳಗೇ ಕೂತಿದೆ ಅಂತ ಖಾತ್ರಿ ಮಾಡಿಕೊಂಡೇ ಹೊರಡು. ನಳಿಯಲ್ಲಿ ಕೂತ ಗರ್ಭ ಒಡೆದರೆ ಆಕಾಶದಲ್ಲಿ ಯಾರೂ ಏನೂ ಮಾಡಲಾರರು. 14ರಿಂದ 28ರವರೆಗೆ ಮೈ ಹಗುರ, ಮನಸ್ಸು ಸ್ಥಿಮಿತ. ಪ್ರಯಾಣಕ್ಕೆ ಇದೇ ಒಳ್ಳೆಯ ಹೊತ್ತು. 28 ದಾಟಿದರೆ ಹಲವು ವಿಮಾನ ಕಂಪನಿಗಳು ವೈದ್ಯರ ಪತ್ರ ಕೇಳುತ್ತವೆ, ಕೆಲವು 32ರ ಮೇಲೆ ಕೇಳುತ್ತವೆ. ಹೊಟ್ಟೆಯಲ್ಲಿ ಅವಳಿ ಇದ್ದರೆ 32 ವಾರಕ್ಕೇ ಸಾಮಾನ್ಯವಾಗಿ ಬಾಗಿಲು ಮುಚ್ಚಿತು. ಒಂದೇ ಕೂಸಾದರೆ 36ರವರೆಗೆ. ಕಂಪನಿಯಿಂದ ಕಂಪನಿಗೆ ಒಂದೆರಡು ವಾರ ಹೆಚ್ಚುಕಡಿಮೆ ಇರುವುದರಿಂದ ನೀನು ಹತ್ತುವ ವಿಮಾನದವರನ್ನೇ ಕೇಳಬೇಕು. ಹೋಗುವ ದಿನದ ವಾರ ಎಣಿಸಿದಂತೆ ಬರುವ ದಿನದ ವಾರವನ್ನೂ ಎಣಿಸು. 30ನೇ ವಾರದಲ್ಲಿ ಹೋಗಿ "ಒಂದೂವರೆ ತಿಂಗಳು ಇದ್ದು ಬರ್ತೀನಿ" ಅಂದವಳು ಅಲ್ಲೇ ಉಳಿಯಬೇಕಾಗುತ್ತದೆ.

ಚಿಂಚೋಳಿ ಕಡೆಯ ಒಂದು ಮನೆಯ ಕಥೆ ಹೇಳುತ್ತೇನೆ, ಹೆಸರು ಬೇಡ. ಮಗಳು ಹೊರದೇಶದಲ್ಲಿ. ಕುಬಸವನ್ನು ನಾವು ಐದು, ಏಳು, ಒಂಬತ್ತು, ಹೀಗೆ ಬೆಸ ತಿಂಗಳಲ್ಲಿ ಮಾಡುತ್ತೇವಲ್ಲ? ಏಳರಲ್ಲಿ ಇಟ್ಟದ್ದು ಸೂತಕ ಬಂದು ತಪ್ಪಿತು, ಒಂಬತ್ತಕ್ಕೆ ಹೋಯಿತು. ಹಸಿರು ಸೀರೆ ತಂದರು, ಹಸಿರು ಬಳೆ ತಂದರು, ಬೀಗರಿಗೆ ಹೇಳಿದರು, ಐದು ತರದ ಅನ್ನಕ್ಕೆ ಅಡುಗೆಯವರನ್ನು ಗೊತ್ತು ಮಾಡಿದರು. ಮಗಳು ಅಲ್ಲಿನ ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತಾಗ ವಾರ ಎಷ್ಟು ಅಂತ ಕೇಳಿದರು. ಒಂಬತ್ತನೆಯ ತಿಂಗಳು ಅಂದರೆ 36 ದಾಟಿರಬಹುದು. ಅವಳಿಗೆ 37. ಹಿಂದಕ್ಕೆ ಕಳಿಸಿದರು. ಇಲ್ಲಿ ಅವ್ವ ತುಂಬಿದ ಮನೆಯಲ್ಲಿ ಬಳೆಯ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಅತ್ತದ್ದನ್ನು ನಾನೇ ಕಂಡಿದ್ದೇನೆ. ಎಂಟು ದಿನಕ್ಕೆ ಆ ಹುಡುಗಿ ಅಲ್ಲೇ ಹೆತ್ತಳು, ಹತ್ತಿರ ಗಂಡ ಒಬ್ಬನೇ. ಅವ್ವ ಹೋಗೋಣವೆಂದರೆ ಪಾಸ್‌ಪೋರ್ಟೇ ಇರಲಿಲ್ಲ. ವಿಮಾನದವರದು ತಪ್ಪು ಅಂತ ನಾನು ಅನ್ನುವುದಿಲ್ಲ. ನಾನು ಆ ಮನೆಗೆ ಎಷ್ಟು ಸಲ ಹೋಗಿದ್ದೆ! ವಾರ ಎಣಿಸಿರಿ ಅಂತ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು ಅನ್ನುವ ಕೊರಗು ನನಗೆ ಇವತ್ತಿಗೂ ಇದೆ.

ಆದ್ದರಿಂದ ಕುಬಸಕ್ಕೆ ಬರುವವಳಾದರೆ ಐದರಲ್ಲೇ ಮಾಡಿಸಿಕೋ. ಏಳಾದರೆ ಪತ್ರ ಕೈಯಲ್ಲಿರಲಿ. ಒಂಬತ್ತರದ್ದು ನೀನು ಇದ್ದಲ್ಲೇ ಆಗಲಿ. ಬಳೆ ತೊಡಿಸುವ ಐದು ಮಂದಿ ಮುತ್ತೈದೆಯರು ಕನ್ನಡದವರೇ ಆಗಬೇಕೆಂದಿಲ್ಲ, ಪಕ್ಕದ ಮನೆಯ ಮಲಯಾಳಿ, ಪಂಜಾಬಿ ಹೆಣ್ಣುಮಕ್ಕಳ ಕೈಯಿಂದಲೂ ಬಳೆ ಏರುತ್ತದೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನುವ ಹಟವಿದ್ದರೆ 28ರ ಒಳಗೆ ಬಂದು ಬಾಣಂತನ ಮುಗಿಯುವವರೆಗೆ ಇರುವ ತಯಾರಿಯಲ್ಲಿ ಬಾ. ಅದಾಗದಿದ್ದರೆ ಹೊಟ್ಟೆ ಹೊತ್ತವಳು ಅವ್ವನ ಹತ್ತಿರ ಹಾರುವ ಬದಲು ಅವ್ವನೇ ಮಗಳ ಹತ್ತಿರ ಹಾರಲಿ. ತಾಯಂದಿರೇ, ಮಗಳ ಮದುವೆಯ ಸಾಲ ತೀರಿಸುವ ಮೊದಲು ನಿಮ್ಮದೊಂದು ಪಾಸ್‌ಪೋರ್ಟ್ ಮಾಡಿಸಿಡಿ. ಅದಕ್ಕೆ ಈಗ ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯಲ್ಲೇ ಆಗುತ್ತದೆ.

ನಮ್ಮ ಸೀಮೆಯ ಬಸುರಿಯರ ವಿಷಯದಲ್ಲಿ ನಾನು ಹೆದರುವ ಸಂಗತಿ ಬೇರೆಯೇ ಇದೆ. ಅದು ರಕ್ತಹೀನತೆ. ಹಾರುವ ವಿಮಾನದ ಒಳಗಿನ ಗಾಳಿ ನೆಲದ ಗಾಳಿಯಷ್ಟು ದಟ್ಟವಾಗಿರುವುದಿಲ್ಲ. 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಹೇಗಿರುತ್ತದೋ ಹಾಗಿರುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಊಟಿ ಇನ್ನೂ ಸ್ವಲ್ಪ ಮೇಲೆ. ಅಂದರೆ ಊಟಿಯಲ್ಲಿ ಅಷ್ಟು ಹೊತ್ತು ಕೂತು ಬಂದಂತೆ. ರಕ್ತ ಚೆನ್ನಾಗಿರುವ ತಾಯಿಗೂ ಕೂಸಿಗೂ ಇದು ಲೆಕ್ಕಕ್ಕಿಲ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಗರ್ಭಿಣಿಗೆ ರಕ್ತಹೀನತೆ ಅನ್ನುತ್ತೇವೆ. 7ಕ್ಕಿಂತ ಇಳಿದರೆ ವಿಮಾನದ ಮಾತೇ ಬೇಡ, ಮೊದಲು ದವಾಖಾನೆ. ನನ್ನ ಸೊಸೆಯದು, ಅಂದರೆ ಆ ತಮ್ಮನ ಮಗಳದು, ನೋಡಿಸಿದರೆ 8.8! ನಕ್ಕೊಂತ ಕುಣಿಯುವ ಹುಡುಗಿ, ಕೆಳರೆಪ್ಪೆ ಎಳೆದು ನೋಡಿದರೆ ಬಿಳುಪು. ಗುಳಿಗೆ ತಿನ್ನುತ್ತಿದ್ದಳಂತೆ, ಆದರೆ ಬೆಳಗಿನ ಚಹಾದ ಜೊತೆ. ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಿದರೆ ಬಹುಪಾಲು ವ್ಯರ್ಥ. ಲಿಂಬಿಹಣ್ಣಿನ ನೀರಿನ ಜೊತೆ ತಗೋ, ಚಹಾಕ್ಕೂ ಗುಳಿಗೆಗೂ ಎರಡು ತಾಸು ಅಂತರವಿರಲಿ ಅಂದೆ. ಪುಂಡಿಪಲ್ಯ, ಸಜ್ಜಿರೊಟ್ಟಿ, ಬೆಲ್ಲ-ಶೇಂಗಾ ಬಿಡಬೇಡ ಅಂದೆ. ಕಲಬುರಗಿಯ ಡಾಕ್ಟರು ಸೂಜಿಯಲ್ಲೇ ಕಬ್ಬಿಣಾಂಶ ಕೊಟ್ಟು, ಹಾರುವ ಪತ್ರವನ್ನು ಮುಂದಿನ ತಪಾಸಣೆಯ ಮೇಲೆ ನೋಡೋಣ ಅಂದರು. ಅವರು ಹಾಗೆ ತಡೆದದ್ದು ನನಗೆ ಬಹಳ ಸಮಾಧಾನ ತಂದಿತು.

ಬಿಪಿ ಏರಿದ್ದರೆ, ರಕ್ತ ಕಂಡಿದ್ದರೆ, ಮಾಸು ಕೆಳಗೆ ಕೂತಿದೆ ಅಂತ ಸ್ಕ್ಯಾನಿನಲ್ಲಿ ಬಂದಿದ್ದರೆ, ಹಿಂದಿನ ಸಲ ದಿನ ತುಂಬುವ ಮೊದಲೇ ಹೆರಿಗೆ ಆಗಿದ್ದರೆ, ಗರ್ಭದ ಬಾಯಿಗೆ ಹೊಲಿಗೆ ಹಾಕಿದ್ದರೆ ಪ್ರಯಾಣದ ಮಾತನ್ನು ನಿನ್ನ ಡಾಕ್ಟರಿಗೇ ಬಿಡು. ಗಂಡನ ರಜೆ, ಅತ್ತೆಯ ಅವಸರ, ಟಿಕೆಟ್ಟಿನ ರಿಯಾಯಿತಿ ಇವು ಯಾವುವೂ ಅಲ್ಲಿ ಮಾತಾಡಬಾರದು. ಹೊಟ್ಟೆ ಕಾಣದ ಹಾಗೆ ದುಪಟ್ಟಾ ಹೊದ್ದು ಹತ್ತಿಬಿಡು ಅಂತ ಹೇಳಿಕೊಡುವವರೂ ಇದ್ದಾರೆ. ಅಂಥವರ ಮಾತು ಕಿವಿಗೆ ಹಾಕಿಕೊಳ್ಳಬೇಡ. 2017ರ ಜೂನ್ 18ರಂದು ದಮ್ಮಾಮಿನಿಂದ ಕೊಚ್ಚಿಗೆ ಬರುತ್ತಿದ್ದ ಜೆಟ್ ಏರ್‌ವೇಸ್ ವಿಮಾನದಲ್ಲಿ ದಿನ ತುಂಬದ ಹೆರಿಗೆ ಆಗಿ, ವಿಮಾನವನ್ನು ಮುಂಬೈಗೆ ತಿರುಗಿಸಬೇಕಾಯಿತು. 2020ರ ಅಕ್ಟೋಬರ್ 7ರಂದು ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಗೋ ವಿಮಾನದಲ್ಲೂ ಗಂಡುಕೂಸು ಹುಟ್ಟಿತು. ಪತ್ರಿಕೆಗಳಲ್ಲಿ ಸಂಭ್ರಮದ ಫೋಟೋ ಬಂದವು. ಜೆಟ್‌ನವರು ತಮ್ಮ ವಿಮಾನದಲ್ಲಿ ಹುಟ್ಟಿದ ಕೂಸಿಗೆ ಆಯುಷ್ಯಪೂರ್ತಿ ಉಚಿತ ಟಿಕೆಟ್ ಅಂದರು. ನಾನು ಆ ಫೋಟೋ ನೋಡಿದಾಗ ನನಗೆ ಕಂಡದ್ದು ಅವಧಿಗೆ ಮುಂಚೆ ಹುಟ್ಟಿದ ಮುಷ್ಟಿಯಷ್ಟು ಕೂಸು, ಕಾಯಿಸುವ ಪೆಟ್ಟಿಗೆ ಇಲ್ಲದ ಜಾಗ. ಜೊತೆಗೆ ಹಾರುತ್ತಿದ್ದವರಲ್ಲಿ ತಿಳಿದವರು ಇದ್ದದ್ದು ಆ ತಾಯಂದಿರ ಪುಣ್ಯ. ಪ್ರತಿ ವಿಮಾನದಲ್ಲೂ ಇರುತ್ತಾರೆ ಅಂತ ನಂಬಿ ಹತ್ತಬಾರದು.

ಕಾಗದಪತ್ರದ ವಿಷಯ ಬೇಗ ಹೇಳುತ್ತೇನೆ. ನಾವು ಕೊಡುವ ತಾಯಿ ಕಾರ್ಡ್ ಬಹಳ ಒಳ್ಳೆಯದು, ಜೊತೆಗಿರಲಿ. ಆದರೆ ಅದರ ಕನ್ನಡ ದೋಹಾದಲ್ಲಿ ಓದುವವರಿಲ್ಲ. ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆಸು: ಎಷ್ಟು ವಾರ, ಹೆರಿಗೆಯ ಅಂದಾಜು ದಿನ, ಒಂದೇ ಕೂಸೋ ಅವಳಿಯೋ, ರಕ್ತದ ಗುಂಪು, ಬಿಪಿ, ಹಿಮೋಗ್ಲೋಬಿನ್, ಪ್ರಯಾಣಕ್ಕೆ ಯೋಗ್ಯಳು ಅನ್ನುವ ಮಾತು, ಸಹಿ, ಮೊಹರು, ತಾರೀಖು. ಹೊರಡುವ ವಾರದಲ್ಲೇ ಬರೆಸು, ಹಳೆಯ ಪತ್ರ ಒಪ್ಪುವುದಿಲ್ಲ. ಇದೆಲ್ಲ ದೊಡ್ಡ ಸೂಟ್‌ಕೇಸಿನಲ್ಲಿ ಅಲ್ಲ, ಹೆಗಲ ಚೀಲದಲ್ಲಿ. ಗುಳಿಗೆಗಳು ಚೀಟಿಯ ಸಮೇತ ಅಲ್ಲೇ ಇರಲಿ. ಪ್ರಯಾಣದ ವಿಮೆ ಮಾಡಿಸಿದ್ದೇವೆ ಅಂತ ಕೆಲವರು ಧೈರ್ಯವಾಗಿರುತ್ತಾರೆ. ಆದರೆ ಹೆಚ್ಚಿನ ವಿಮೆಗಳಲ್ಲಿ ಬಸಿರು, ಹೆರಿಗೆ, ಹುಟ್ಟಿದ ಕೂಸಿನ ಖರ್ಚು ಸೇರಿರುವುದಿಲ್ಲ. ಸಣ್ಣ ಅಕ್ಷರ ಯಾರಿಂದಲಾದರೂ ಓದಿಸು.

ಹೊರದೇಶದಲ್ಲೇ ಹೆರುವವಳಾದರೆ ಮದುವೆಯ ನೋಂದಣಿ ಪತ್ರ ಬೇಕೇ ಬೇಕು. ನಮ್ಮ ಹಳ್ಳಿಗಳಲ್ಲಿ ಲಗ್ನಪತ್ರಿಕೆ, ಆಲ್ಬಮ್ ಬಿಟ್ಟರೆ ಬೇರೆ ಸಾಕ್ಷಿ ಇಡುವುದಿಲ್ಲ. ಕೊಲ್ಲಿ ದೇಶಗಳಲ್ಲಿ ಕೂಸಿನ ಜನನ ಪತ್ರ ಮಾಡಿಸಲು ಸರ್ಕಾರಿ ಮುದ್ರೆ ಬಿದ್ದ ಮದುವೆ ಪತ್ರ ಕೇಳುತ್ತಾರೆ. ಉಪನೋಂದಣಾಧಿಕಾರಿ ಕಚೇರಿಗೆ ಈಗಲೇ ಹೋಗಿ ಬಾ. ಅಲ್ಲಿ ಹುಟ್ಟಿದ ಕೂಸಿನ ಜನನವನ್ನು ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು, ಮರೆಯಬೇಡ. ಅಮೆರಿಕದಲ್ಲಿ ಹೆತ್ತರೆ ಕೂಸಿಗೆ ಅಲ್ಲಿನ ಪೌರತ್ವ ಸಿಗುತ್ತದೆ ಅಂತ ಪ್ರವಾಸಿ ವೀಸಾದಲ್ಲಿ ಹೊರಡುವ ಆಲೋಚನೆ ಯಾರಾದರೂ ತಲೆಯಲ್ಲಿ ತುಂಬಿದ್ದರೆ ತೆಗೆದುಹಾಕು. ಹೆರಲೆಂದೇ ಬರುವವರಿಗೆ ಆ ವೀಸಾ ಇಲ್ಲ ಅಂತ 2020ರ ಜನವರಿಯಲ್ಲೇ ಅವರು ನಿಯಮ ಮಾಡಿದ್ದಾರೆ. ದಿನ ತುಂಬಿದ ಹೊಟ್ಟೆ ಹೊತ್ತು ಪರದೇಶದ ಅಧಿಕಾರಿಯ ಮುಂದೆ ಸುಳ್ಳು ಹೇಳುವ ಗತಿ ಯಾವ ಹೆಣ್ಣುಮಗಳಿಗೂ ಬರಬಾರದು.

ಹೊರಡುವ ದಿನ ನಮ್ಮವರು ಮಾಡುವ ದೊಡ್ಡ ತಪ್ಪು ನೆಲದ ಮೇಲೆಯೇ ಆಗುತ್ತದೆ. ಕಲಬುರಗಿಗೆ ವಿಮಾನ ನಿಲ್ದಾಣ ಬಂದದ್ದು 2019ರ ನವೆಂಬರ್ 22ರಂದು, ಅದೂ ನಮ್ಮ ಸೇಡಂ ರಸ್ತೆಯಲ್ಲೇ. ಆದರೆ ಹೊರದೇಶಕ್ಕೆ ಹಾರಲು ನಾವು ಹೈದರಾಬಾದಿನ ಶಂಷಾಬಾದಿಗೇ ಹೋಗಬೇಕು. ನಸುಕಿನ ವಿಮಾನ ಅಂತ ರಾತ್ರಿ ಊಟ ಮಾಡಿ ಜೀಪಿನಲ್ಲಿ ಏಳೆಂಟು ಮಂದಿ ತುಂಬಿಕೊಂಡು ಹೊರಡುತ್ತಾರೆ. ಸಿಮೆಂಟಿನ ಲಾರಿ, ಧೂಳು, ತಗ್ಗು, ರಾತ್ರಿಯ ನಿದ್ದೆಗೇಡು. ದುಬೈಗೆ ಹಾರುವ ನಾಲ್ಕು ತಾಸಿಗಿಂತ ಈ ನಾಲ್ಕು ತಾಸು ಬಸುರಿಗೆ ಕಷ್ಟ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ಹಾಕಿದ ರೈಲು ಹಳಿ ಚಿತ್ತಾಪುರ, ಸೇಡಂ, ತಾಂಡೂರಿನ ಮೇಲೇ ಹೋಗುತ್ತದೆ. ಹಿಂದಿನ ದಿನ ಹಗಲಿನ ಗಾಡಿಗೆ ಕೂತು ಹೋಗು. ಚಿಂಚೋಳಿಯವಳಾದರೆ ತಾಂಡೂರಿನಲ್ಲಿ ಗಾಡಿ ಹಿಡಿ. ಹೈದರಾಬಾದಿನಲ್ಲಿ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಒಂದು ರಾತ್ರಿ ಮಲಗು. ಕಳಿಸಿಕೊಡಲು ಎಂಟು ಮಂದಿ ಬೇಡ, ಚೀಲ ಎತ್ತುವ ಒಬ್ಬರು ಸಾಕು.

ಗಾಲಿಕುರ್ಚಿಯನ್ನು ಟಿಕೆಟ್ ಮಾಡಿಸುವಾಗಲೇ ಕೇಳು. "ನಾನೇನು ಮುದುಕಿಯೇ?" ಅಂತ ನಾಚಬೇಡ. ನಡುವೆ ವಿಮಾನ ಬದಲಿಸುವುದಿದ್ದರೆ, ವಾಡಿ ಜಂಕ್ಷನ್ನಿನಲ್ಲಿ ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಹೋದಂತಲ್ಲ ಅದು, ಅರ್ಧ ಊರು ನಡೆದಂತೆ. ಓಣಿಯ ಕಡೆಯ ಸೀಟು ತಗೋ, ಪದೇ ಪದೇ ಎದ್ದು ಹೋಗಬೇಕಾಗುತ್ತದೆ. ಸೀಟಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಕೆಳಗೆ ತೊಡೆಯ ಸಂದಿಯಲ್ಲಿ. ಬಸಿರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ನಾಲ್ಕು ತಾಸಿಗಿಂತ ಹೆಚ್ಚು ಕಾಲು ಜೋತುಬಿಟ್ಟು ಕೂತರೆ ಮೀನಖಂಡದಲ್ಲಿ ಗಂಟಾಗುವ ಭಯ ಇದ್ದೇ ಇದೆ. ತಾಸಿಗೊಮ್ಮೆ ಎದ್ದು ನಡಿ. ಕೂತಲ್ಲೇ ಹೊಲಿಗೆ ಯಂತ್ರ ತುಳಿದಂತೆ ಪಾದ ಆಡಿಸು. ಒಳಗಿನ ಗಾಳಿ ಒಣಕಲು, ನೀರು ಕುಡಿಯುತ್ತಲೇ ಇರು. ಮೂತ್ರಕ್ಕೆ ಏಳಬೇಕಾದೀತು ಅಂತ ಬಾಯಿ ಒಣಗಿಸಿಕೊಂಡು ಕೂತರೆ ಕೆಲಸ ಕೆಟ್ಟಿತು. ಬಿಗಿ ಕಾಲುಚೀಲ ಬೇಕೇ ಅಂತ ಡಾಕ್ಟರನ್ನು ಕೇಳು. ರಕ್ತ ತೆಳುವಾಗುವ ಗುಳಿಗೆಯನ್ನು ಮಾತ್ರ ಯಾರೋ ಹೇಳಿದರು ಅಂತ ನುಂಗಬೇಡ. ಇಳಿದ ಮೇಲೆ, ಎರಡು ವಾರ ಕಳೆದರೂ ಸರಿ, ಒಂದೇ ಕಾಲು ಬಾತು ನೋಯುತ್ತಿದ್ದರೆ ಅಥವಾ ಉಸಿರು ಕಟ್ಟಿದರೆ ಅವತ್ತೇ ದವಾಖಾನೆಗೆ ಹೋಗು. ಹಾರುವ ಹಿಂದಿನ ರಾತ್ರಿ ಕಡ್ಲಿ, ಮಡಕಿ ಉಸುಳಿ, ಸೋಡಾ ಬೇಡ. ಮೇಲೆ ಹೋದಾಗ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ.

ಇನ್ನೊಂದು ಮಾತು, ಇದನ್ನು ಅವ್ವಂದಿರು ಕೇಳಬೇಕು. ನನ್ನ ತಮ್ಮನ ಹೆಂಡತಿ ಮಗಳಿಗೆಂದು ಅಂಟಿನ ಉಂಡಿ ಕಟ್ಟಿ ಡಬ್ಬಿ ತುಂಬಿದ್ದಳು. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ. ಒಂದು ಉಂಡಿ ಒಡೆದು ನೋಡಿದೆ, ಒಳಗೆ ಸಣ್ಣ ಬಿಳಿ ಕಾಳು. ಗಸಗಸೆ. ನಮಗೆ ಅದು ಬಾಣಂತಿಗೆ ನಿದ್ದೆ ತರುವ, ಸೊಂಟಕ್ಕೆ ಬಲ ಕೊಡುವ ಪದಾರ್ಥ. ಯುಎಇ, ಸೌದಿ ಅರೇಬಿಯಾಗಳಲ್ಲಿ ಅದು ನಿಷಿದ್ಧ, ಮಾದಕ ವಸ್ತುವಿನ ಸಾಲಿಗೆ ಸೇರಿದ್ದು. ತುಂಬಿದ ಹೊಟ್ಟೆಯ ಹುಡುಗಿ ಒಂದು ಡಬ್ಬಿ ಉಂಡಿಗಾಗಿ ಪೊಲೀಸರ ಮುಂದೆ ನಿಲ್ಲಬೇಕಾದೀತು. ನಾವು ಇಬ್ಬರೂ ಅವತ್ತು ಮಧ್ಯಾಹ್ನ ಕೂತು ಗಸಗಸೆ ಇಲ್ಲದ ಉಂಡಿ ಮತ್ತೊಮ್ಮೆ ಕಟ್ಟಿದೆವು.

ನೀರು ಒಸರಿದರೆ, ರಕ್ತ ಕಂಡರೆ, ಹೊಟ್ಟೆ ಗಟ್ಟಿಯಾಗಿ ಸಡಿಲಾಗುವುದು ಲೆಕ್ಕಕ್ಕೆ ಬಂದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಕೂಸಿನ ಆಟ ಕಡಿಮೆಯಾದರೆ ವಿಮಾನ ನಿಲ್ದಾಣದ ಬಾಗಿಲಲ್ಲಿದ್ದರೂ ತಿರುಗಿ ಬಾ. ಟಿಕೆಟ್ಟಿನ ದುಡ್ಡು ಹೋದರೆ ಹೋಯಿತು, ಮುಂದಿನ ತೊಗರಿಯ ಸುಗ್ಗಿಗೆ ಬಂದೀತು.

ನನ್ನ ಸೊಸೆಗೆ ಕಡೆಗೆ ಒಂದು ಕೆಲಸ ಹಚ್ಚಿದ್ದೆ. ಗಂಡನಿಗೆ ಫೋನು ಮಾಡಿ ಮೂರು ವಿಷಯ ತಿಳಿದು ಬಾ ಅಂದಿದ್ದೆ: ಮನೆಗೆ ಹತ್ತಿರದ ಹೆರಿಗೆ ಆಸ್ಪತ್ರೆ ಯಾವುದು, ಅವನ ಕಂಪನಿಯ ವಿಮೆಯಲ್ಲಿ ಹೆರಿಗೆ ಸೇರಿದೆಯೋ ಇಲ್ಲವೋ, ಅವನು ರಾತ್ರಿಪಾಳಿಯಲ್ಲಿದ್ದಾಗ ಬಾಗಿಲು ಬಡಿದರೆ ತೆಗೆಯುವ ಹೆಂಗಸು ಯಾರು. ನಿನ್ನೆ ರಾತ್ರಿ ಫೋನು ಬಂತು. ಆಸ್ಪತ್ರೆ ಹನ್ನೆರಡು ನಿಮಿಷದ ಹಾದಿ, ಮೊದಲ ತಪಾಸಣೆಯ ದಿನವೂ ಗೊತ್ತಾಗಿದೆ. ವಿಮೆಯಲ್ಲಿ ಹೆರಿಗೆ ಸೇರಿದೆ. ಕೆಳಗಿನ ಮಹಡಿಯಲ್ಲಿ ವಿಜಯಪುರ ಕಡೆಯ ಒಬ್ಬ ತಾಯಿ ಇದ್ದಾರಂತೆ, "ನಮ್ಮ ಹುಡುಗಿನ್ನ ಕಳಸ್ರಿ, ನಾ ಅದೀನಿ" ಅಂದರಂತೆ. ಹಿಮೋಗ್ಲೋಬಿನ್ 9.9ಕ್ಕೆ ಏರಿದೆ, ಡಾಕ್ಟರು ಬರುವ ಸೋಮವಾರ ಪತ್ರದ ಮಾತು ಹೇಳುತ್ತಾರೆ.

ನೆಲ ಒರೆಸಲು ಬರುವವಳಿಗೆ ಪಡಸಾಲೆಯ ಆ ನಲವತ್ತು ಗೆರೆ ಮುಟ್ಟಬೇಡ ಅಂದಿದ್ದೇನೆ. ಸೋಮವಾರಕ್ಕೊಂದು ಗೆರೆಗೆ ಅಡ್ಡ ಹಾಕುತ್ತೇನೆ. ಇವತ್ತು ಇಪ್ಪತ್ತೊಂದನೆಯದಕ್ಕೆ ಹಾಕಿದೆ.